ಹತ್ತು ದಿನ, 142 ಹಾಡು, ನೂರೆಂಟು ಅಭಿಪ್ರಾಯ

ಮೈಸೂರು ದಸರಾ ಕವಿಗೋಷ್ಠಿಗೆ ನೀವು ಒಮ್ಮೆಯಾದರೂ ಹೋಗಿ ಕೂತಿದ್ದರೆ ಈ ಲೇಖನದ ಅರ್ಧ ಪಾಠ ನಿಮಗಾಗಲೇ ಆಗಿದೆ. ವೇದಿಕೆ ತುಂಬ ಕವಿಗಳು. ನಿರೂಪಕರು ಪ್ರತಿ ಹೆಸರಿನ ಜತೆ "ದಯವಿಟ್ಟು ಒಂದೇ ಕವಿತೆ" ಅನ್ನುತ್ತಿರುತ್ತಾರೆ. ಒಬ್ಬರು ಎರಡು ಓದುತ್ತಾರೆ, ಇನ್ನೊಬ್ಬರು ಪೀಠಿಕೆಯಲ್ಲೇ ಹೊತ್ತು ಮುಗಿಸುತ್ತಾರೆ, ಮೂಲೆಯಲ್ಲಿ ಮುದುರಿ ಕೂತಿದ್ದ ಯಾವನೋ ಹೊಸಬ ಎದ್ದು ಬಂದು ಹನ್ನೆರಡೇ ಸಾಲಿನಲ್ಲಿ ಸಭೆಯ ನಿದ್ದೆ ಬಿಡಿಸುತ್ತಾನೆ. ಆಮೇಲೆ ಹೊರಗೆ ಟೀ ಕುಡಿಯುತ್ತ ನಿಂತವರ ಮಾತು ಕೇಳಿ. "ಆ ಹುಡುಗ ಒಬ್ಬನೇ ಓದಿದ್ದು ಬಿಡಿ." "ಅಧ್ಯಕ್ಷರದ್ದು ಹಳೇ ಕವಿತೆ, ಯಾವತ್ತೋ ಪತ್ರಿಕೇಲಿ ಬಂದಿತ್ತು." "ಇಷ್ಟೊಂದು ಜನರನ್ನ ಯಾಕೆ ಕರೀತಾರೋ." "ನನಗೇನೋ ಚೆನ್ನಾಗಿತ್ತಪ್ಪ, ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ."

2019ರಲ್ಲಿ ಅಮೆರಿಕದ ಒಂದು ರ‍್ಯಾಪ್ ಲೇಬಲ್ ತನ್ನವರನ್ನೂ ಊರವರನ್ನೂ ಸೇರಿಸಿ ಒಂದು ಆಲ್ಬಮ್ ತಂದಿತು. ಅದರ ಬಗ್ಗೆ ಕೇಳುಗರು ಅಂದು ಆಡಿದ, ಇಂದಿಗೂ ಆಡುತ್ತಿರುವ ಮಾತುಗಳನ್ನು ಜರಡಿ ಹಿಡಿದರೆ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಈ ನಾಲ್ಕೇ. ಅವನ್ನು ಒಂದೊಂದಾಗಿ ಬಿಡಿಸಿ ನೋಡೋಣ ಅಂತ ನನ್ನ ಆಸೆ. ರ‍್ಯಾಪ್ ಕೇಳಿಯೇ ಗೊತ್ತಿಲ್ಲದವರನ್ನೂ, 'ಅದೇನು ಬರೀ ಬಡಬಡಿಕೆ' ಅನ್ನುವವರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನಾನೂ ಮೊನ್ನೆಮೊನ್ನೆಯವರೆಗೆ ಹಾಗೇ ಅನ್ನುತ್ತಿದ್ದವನು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಈ ಹುಚ್ಚು ಹತ್ತಿಸಿದ್ದು ಹಳೆಯ ವಿದ್ಯಾರ್ಥಿಯೊಬ್ಬ. ಛಂದಸ್ಸಿನಲ್ಲಿ ಫೇಲಾದವನು, ಆದರೆ ಯಾವ ಹಾಡಿನ ಯಾವ ಸಾಲಿನಲ್ಲಿ ಎಷ್ಟು ಪ್ರಾಸ ಬಿದ್ದಿದೆ ಅಂತ ಬೆರಳೆಣಿಸಿ ತೋರಿಸುತ್ತಾನೆ.

ಮೊದಲು ಲೇಬಲ್ ಅಂದರೇನು ಅನ್ನುವುದು ತಿಳಿದಿರಲಿ. ಅದು ನಮ್ಮ ಪ್ರಕಾಶನ ಸಂಸ್ಥೆಯಂಥದು. ಅಕ್ಷರ ಪ್ರಕಾಶನದ್ದೋ ಮನೋಹರ ಗ್ರಂಥಮಾಲೆಯದ್ದೋ ಪುಸ್ತಕ ಅಂದರೆ ಕೆಲವರು ಲೇಖಕರ ಹೆಸರು ನೋಡುವ ಮೊದಲೇ ಕೈಗೆತ್ತಿಕೊಳ್ಳುತ್ತಾರಲ್ಲ, ಅಂಥ ನಂಬಿಕೆಯನ್ನು ಕೆಲವು ಲೇಬಲ್‌ಗಳೂ ಗಳಿಸಿವೆ. ಡ್ರೀಮ್‌ವಿಲ್ ಅವುಗಳಲ್ಲೊಂದು. 2007ರಲ್ಲಿ ಇದನ್ನು ಕಟ್ಟಿದವರು ಜೆ. ಕೋಲ್ ಎಂಬ ರ‍್ಯಾಪರ್ ಮತ್ತು ಅವನ ಕಾಲೇಜು ಗೆಳೆಯ ಇಬ್ರಾಹಿಂ ಹಮದ್. ಕೋಲ್ ಹುಟ್ಟಿದ್ದು ಜರ್ಮನಿಯಲ್ಲಿದ್ದ ಅಮೆರಿಕನ್ ಸೇನಾ ನೆಲೆಯಲ್ಲಿ, ಬೆಳೆದದ್ದು ನಾರ್ತ್ ಕ್ಯಾರೊಲಿನಾದ ಫಯೆಟ್‌ವಿಲ್‌ನಲ್ಲಿ. ಇಬ್ರಾಹಿಮನ ತಮ್ಮ ಅಬ್ಬಾಸ್ ಕೂಡ ಇದೇ ಲೇಬಲ್‌ನ ಗಾಯಕ. ಹೆಸರನ್ನು ಮೊಟಕು ಮಾಡಿ 'ಬಾಸ್' ಎಂದು ಇಟ್ಟುಕೊಂಡಿದ್ದಾನೆ. (ನಮ್ಮ ಸಿನಿಮಾ ಅಭಿಮಾನಿಗಳು ಕೂಗುವ ಬಾಸ್ ಬೇರೆ, ಇವನು ಬೇರೆ.) ಇವರ ಜತೆಗೆ ಅಟ್ಲಾಂಟಾದ ಜೆಐಡಿ, ಅದೇ ಊರಿನ ಅರ್ಥ್‌ಗ್ಯಾಂಗ್ ಎಂಬ ಜೋಡಿ, ಶಿಕಾಗೋದ ಓಮೆನ್, ಶಾರ್ಲಟ್‌ನ ಲ್ಯೂಟ್, ಲಾಸ್ ಏಂಜಲಿಸ್‌ನ ಕಾಝ್, ವಾಷಿಂಗ್ಟನ್ ಕಡೆಯ ಗಾಯಕಿ ಆರಿ ಲೆನಾಕ್ಸ್. ಆಗಿನ ಮನೆಮಂದಿ ಇಷ್ಟೇ.

ಇನ್ನು ಆಲ್ಬಮ್. ಹೆಸರು 'ರಿವೆಂಜ್ ಆಫ್ ದ ಡ್ರೀಮರ್ಸ್ 3'. ಇದೇ ಸಾಲಿನ ಮೊದಲ ಎರಡು ಕಂತು 2014 ಮತ್ತು 2015ರಲ್ಲಿ ಬಂದಿದ್ದವು. ಅವು ಮನೆಮಟ್ಟಿನ ಊಟ. ಮೂರನೆಯದಕ್ಕೆ ಊರೂಟವೇ ಆಯಿತು. 2019ರ ಜನವರಿ 6ರಿಂದ ಹತ್ತು ದಿನ ಅಟ್ಲಾಂಟಾದ ಟ್ರೀ ಸೌಂಡ್ ಸ್ಟುಡಿಯೋವನ್ನು ಹಿಡಿದುಕೊಂಡರು. ಗಾಯಕರಿಗೆ, ಬೀಟ್ (ಮಾತಿನ ಹಿಂದೆ ನಡೆಯುವ ವಾದ್ಯದ ಪಾಕ) ಮಾಡುವವರಿಗೆ ಹೆಸರು ಹಾಕಿ ಆಹ್ವಾನ ಪತ್ರಿಕೆ ಹೋಯಿತು, ಬಂದವರು ಅದನ್ನು ತಮ್ಮ ತಮ್ಮ ಪುಟಗಳಲ್ಲಿ ಹೆಮ್ಮೆಯಿಂದ ಹಾಕಿಕೊಂಡರು. ಅಲ್ಲಿ ಸೇರಿದವರು 343 ಮಂದಿ. ಹತ್ತು ದಿನದಲ್ಲಿ ಹುಟ್ಟಿದ ಹಾಡು 142. ಜುಲೈ 5ಕ್ಕೆ ಆಲ್ಬಮ್ ಹೊರಬಂದಾಗ ಅದರಲ್ಲಿ ಉಳಿದದ್ದು 18.

ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಜಗಳವೆಲ್ಲ ಇವುಗಳ ನಡುವಿನ ಸಂದಿಯಲ್ಲೇ ಇದೆ.

ಇಲ್ಲೊಂದು ತಮಾಷೆ ಇದೆ, ಅದು ಗೊತ್ತಿಲ್ಲದಿದ್ದರೆ ಕೇಳುಗರ ಎಷ್ಟೋ ಮಾತು ಅರ್ಥವಾಗುವುದಿಲ್ಲ. ರ‍್ಯಾಪ್‌ನಲ್ಲಿ ಒಬ್ಬರ ಹಾಡಿನಲ್ಲಿ ಇನ್ನೊಬ್ಬರು ಬಂದು ಒಂದು ಚರಣ ಹೇಳಿ ಹೋಗುವುದು ಬಹಳ ಮಾಮೂಲು. ಅದಕ್ಕೆ 'ಫೀಚರ್' ಅನ್ನುತ್ತಾರೆ. ಕೋಲ್ ಮಾತ್ರ 2014ರ '2014 ಫಾರೆಸ್ಟ್ ಹಿಲ್ಸ್ ಡ್ರೈವ್', 2016ರ 'ಫೋರ್ ಯುವರ್ ಐಝ್ ಓನ್ಲಿ', 2018ರ 'ಕೆಓಡಿ' ಈ ಮೂರರಲ್ಲೂ ಒಬ್ಬನೇ ಒಬ್ಬ ಅತಿಥಿಯನ್ನೂ ಸೇರಿಸಿಕೊಳ್ಳಲಿಲ್ಲ. ಮೂರನೆಯದರಲ್ಲಿ 'ಕಿಲ್ ಎಡ್ವರ್ಡ್' ಅಂತ ಒಂದು ಹೆಸರು ಕಾಣುತ್ತದೆ, ಅದೂ ಅವನೇ, ದನಿ ಬದಲಿಸಿಕೊಂಡು. ಅಭಿಮಾನಿಗಳು ಇದನ್ನೇ ಬಿರುದಿನ ಹಾಗೆ ಹೊತ್ತು ಮೆರೆಸಿದರು, ವಿರೋಧಿಗಳು ಇದನ್ನೇ ಗೇಲಿ ಮಾಡಿದರು. ಅಂಥ ಒಂಟಿ ಸಲಗ ಇದ್ದಕ್ಕಿದ್ದಂತೆ ಮುನ್ನೂರು ಜನರಿಗೆ ಛತ್ರ ತೆರೆದ ಅಂದರೆ ಕೇಳುಗರು ಕಿವಿ ನಿಮಿರಿಸದೆ ಇರುತ್ತಾರೆಯೇ? ಆಲ್ಬಮ್ ಹೇಗಿದೆ ಅನ್ನುವುದಕ್ಕಿಂತ ಮೊದಲು 'ಇವನು ಬೇರೆಯವರಿಗೆ ಜಾಗ ಬಿಟ್ಟನಾ' ಅಂತ ನೋಡಿದವರೇ ಬಹಳ.

ಈಗ ಒಂದು ಸಣ್ಣ ಅಭ್ಯಾಸ. ಅಭಿಪ್ರಾಯ ಹೇಳುವ ಮೊದಲು ಅಳತೆ ಗೊತ್ತಿರಬೇಕು. ಕೈಯನ್ನು ತೊಡೆಯ ಮೇಲಿಟ್ಟು ಆದಿತಾಳ ಹಾಕಿ. ಒಂದು ಆವರ್ತನಕ್ಕೆ ಎಂಟು ಎಣಿಕೆ. ರ‍್ಯಾಪ್‌ನವರು ನಾಲ್ಕು ಎಣಿಕೆಗೆ ಒಂದು 'ಬಾರ್' ಅನ್ನುತ್ತಾರೆ. ಅಲ್ಲಿಗೆ ನಿಮ್ಮ ಒಂದು ಆವರ್ತನಕ್ಕೆ ಅವರ ಎರಡು ಬಾರ್. ರ‍್ಯಾಪ್‌ನ ಸಾಂಪ್ರದಾಯಿಕ ಚರಣ, ಅಂದರೆ 'ವರ್ಸ್', ಹದಿನಾರು ಬಾರ್. ಎಂಟು ಆವರ್ತನ ಮುಗಿದರೆ ಅವನ ಸರದಿ ಮುಗಿಯಿತು. ನಿಮಿಷಕ್ಕೆ ತೊಂಬತ್ತು ಬಡಿತದ ನಡೆಯಲ್ಲಿ ಲೆಕ್ಕ ಹಾಕಿದರೆ ಇದು ಸುಮಾರು ನಲವತ್ತಮೂರು ಸೆಕೆಂಡು. ಅಷ್ಟರಲ್ಲಿ ಅವನು ಬರಬೇಕು, ತಾನು ಯಾರು ಅಂತ ತಿಳಿಸಬೇಕು, ಒಂದು ಮಾತು ನಾಟುವ ಹಾಗೆ ಹೇಳಬೇಕು, ಹೋಗಬೇಕು. ಪಲ್ಲವಿಗೆ ಅವರಲ್ಲಿ 'ಹುಕ್' ಎಂದು ಹೆಸರು. ಗಾಳ ಅಂತಲೇ ಅರ್ಥ, ಮೀನು ಯಾರೆಂದು ಹೇಳಬೇಕಾಗಿಲ್ಲ.

ಪ್ರಾಸದ ಬಗ್ಗೆ ಒಂದು ಮಾತು. ನಮ್ಮ ಹಳೆಯ ಕವಿಗಳಿಗೆ ಪ್ರಾಸ ಅಂದರೆ ಸಾಲಿನ ಎರಡನೆಯ ಅಕ್ಷರ. ಹೊಸಗನ್ನಡದಲ್ಲಿ ಅದು ಸಾಲಿನ ಕೊನೆಗೆ ಬಂತು. ಜೆಐಡಿಯಂಥವರು ಪ್ರಾಸವನ್ನು ಸಾಲಿನ ಮೈತುಂಬ ಹರಡುತ್ತಾರೆ. ಒಂದೇ ಸ್ವರದ ಗುಂಪನ್ನು ಹಿಡಿದು ಮೂರು ನಾಲ್ಕು ಪದ ಬಿಟ್ಟು ಮತ್ತೆ, ಮತ್ತೆ ಬಡಿಯುತ್ತಾರೆ. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಕಿವಿಗೆ ಇದು ಸಿಗುತ್ತದೆ, ತನಿ ಆವರ್ತನದಲ್ಲಿ ಮೃದಂಗದ ಸೊಲ್ಲು ಸಿಕ್ಕಂತೆ. ನನಗೆ ಮೊದಲು ಸಿಕ್ಕಿದ್ದೂ ಹಾಗೆಯೇ, ಅರ್ಥ ಆಮೇಲೆ ಬಂತು. ಅರ್ಥ ಬಂದ ಮೇಲೆ ಒಂದು ಎಚ್ಚರಿಕೆಯೂ ಬಂತು: ಈ ಹಾಡುಗಳಲ್ಲಿ ಬೈಗುಳ ಧಾರಾಳ. ಹಿರಿಯರು, ಮಕ್ಕಳು ಓಡಾಡುವ ನಡುಮನೆಯಲ್ಲಿ ಸ್ಪೀಕರಿಗೆ ಹಾಕಿ ಆಮೇಲೆ ನನ್ನನ್ನು ಬೈಯಬೇಡಿ.

ಸರಿ, ಟೀ ಅಂಗಡಿಯ ಮೊದಲ ಮಾತು: "ಆ ಹುಡುಗ ಒಬ್ಬನೇ ಓದಿದ್ದು."

ಒಂದೇ ಬೀಟ್ ಮೇಲೆ ಹಲವರು ಸರದಿಯಲ್ಲಿ ಹೇಳುವ ಹಾಡಿಗೆ 'ಪಾಸಿ ಕಟ್' ಅನ್ನುತ್ತಾರೆ. ಇಂಥ ಹಾಡು ಮುಗಿದ ಕೂಡಲೇ ಕೇಳುಗ ಮಾಡುವ ಮೊದಲ ಕೆಲಸ ಅಂಕ ಹಾಕುವುದು. ಈ ಚಟಕ್ಕೆ ವಯಸ್ಸಾಗಿದೆ. 1988ರಲ್ಲಿ ನ್ಯೂಯಾರ್ಕಿನ ಮಾರ್ಲಿ ಮಾರ್ಲ್ ತನ್ನ 'ಇನ್ ಕಂಟ್ರೋಲ್' ಆಲ್ಬಮ್ಮಿನಲ್ಲಿ 'ದ ಸಿಂಫನಿ' ಅಂತ ಒಂದು ಹಾಡು ಮಾಡಿದ. ಓಟಿಸ್ ರೆಡಿಂಗ್‌ನ ಹಳೆಯ ಹಾಡಿನಿಂದ ಕತ್ತರಿಸಿ ತಂದ ಪಿಯಾನೋ ತುಣುಕು. ಅದರ ಮೇಲೆ ಮಾಸ್ಟಾ ಏಸ್, ಕ್ರೇಗ್ ಜಿ, ಕೂಲ್ ಜಿ ರ‍್ಯಾಪ್, ಬಿಗ್ ಡ್ಯಾಡಿ ಕೇನ್ ಒಬ್ಬರಾದ ಮೇಲೆ ಒಬ್ಬರು. ನಾಲ್ವರಲ್ಲಿ ಗೆದ್ದವರು ಯಾರು ಎಂಬ ತಕರಾರು ಇನ್ನೂ ಇತ್ಯರ್ಥವಾಗಿಲ್ಲ. ಹೈಕೋರ್ಟಿನ ಆಸ್ತಿ ಕೇಸಿನ ಹಾಗೆ ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆ.

ಡ್ರೀಮ್‌ವಿಲ್ ಆಲ್ಬಮ್ಮಿನಲ್ಲಿ ಈ ಅಂಕಪಟ್ಟಿಯ ಮೇಲ್ತುದಿಯಲ್ಲಿ ಬಹಳ ಜನ ಇಟ್ಟದ್ದು ಜೆಐಡಿಯನ್ನು. ಕಾರಣವೂ ಇದೆ. ಹದಿನೆಂಟರಲ್ಲಿ ಆರೇಳು ಹಾಡಿನಲ್ಲಿ ಅವನ ದನಿ ಇದೆ. ಎರಡನೆಯ ಹಾಡು 'ಡೌನ್ ಬ್ಯಾಡ್' ಕೇಳಿದರೆ ಸಾಕು, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಅನ್ನುವುದೇ ತಿಳಿಯುವುದಿಲ್ಲ. ಅದೇ ಹಾಡಿನಲ್ಲಿ ಬಾಸ್, ಕೋಲ್, ಅರ್ಥ್‌ಗ್ಯಾಂಗ್, ಯಂಗ್ ನೂಡಿ ಎಲ್ಲರೂ ಇದ್ದಾರೆ. ಗ್ರ್ಯಾಮಿ ಪ್ರಶಸ್ತಿಯವರು ಅದನ್ನು ಆ ವರ್ಷದ ಅತ್ಯುತ್ತಮ ರ‍್ಯಾಪ್ ಪ್ರದರ್ಶನದ ಪಟ್ಟಿಗೂ ಸೇರಿಸಿದರು. ನನ್ನ ವಿದ್ಯಾರ್ಥಿಯ ತೀರ್ಪು ಒಂದೇ ಸಾಲಿನದು: "ಸರ್, ಜೆಐಡಿ ಎಲ್ಲರನ್ನೂ ತಿಂದುಹಾಕಿಬಿಟ್ಟ."

ತಿಂದುಹಾಕಿದ ಅನ್ನುವುದು ಮೆಚ್ಚುಗೆಯೇ. ಆದರೆ ನನಗೆ ಇಲ್ಲೊಂದು ಅಡ್ಡಿ ಇದೆ. ಅಂಕ ಹಾಕುವ ಕಿವಿ ಚರಣವನ್ನು ಹಾಡಿನಿಂದ ಕಿತ್ತು ಕೇಳುತ್ತದೆ. ಹಿಂದಿನವನು ಎಲ್ಲಿಗೆ ತಂದು ಬಿಟ್ಟ, ಮುಂದಿನವನು ಎಲ್ಲಿಂದ ಎತ್ತಿಕೊಂಡ ಅನ್ನುವುದು ಅದಕ್ಕೆ ಕೇಳಿಸುವುದಿಲ್ಲ. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿಯ ಮಾತನ್ನು ಮಾತ್ರ ಧ್ವನಿಮುದ್ರಿಸಿಕೊಂಡು ಮನೆಗೆ ಹೋದವರ ಹಾಗೆ. ಎದುರಾಳಿ ಎಸೆದ ಪ್ರಶ್ನೆಯೇ ಇಲ್ಲದೆ ಉತ್ತರದ ಚಂದ ತಿಳಿಯುವುದು ಹೇಗೆ? ಮೊದಲ ಹಾಡು 'ಅಂಡರ್ ದ ಸನ್' ತೆಗೆದುಕೊಳ್ಳಿ. ಕೋಲ್, ಲ್ಯೂಟ್, ಡಾಬೇಬಿ ಮೂವರೂ ನಾರ್ತ್ ಕ್ಯಾರೊಲಿನಾದಲ್ಲಿ ಬೆಳೆದವರು. ರ‍್ಯಾಪ್ ಅಂದರೆ ನ್ಯೂಯಾರ್ಕ್, ಲಾಸ್ ಏಂಜಲಿಸ್, ಅಟ್ಲಾಂಟಾ ಅನ್ನುವವರ ನಡುವೆ ಮೂವರು ಒಂದೇ ಸೀಮೆಯವರು ಬಾಗಿಲಲ್ಲೇ ನಿಂತು ಸ್ವಾಗತಿಸುತ್ತಾರೆ. ಲ್ಯೂಟ್‌ನ ಚರಣಕ್ಕೆ ಯಾವ ಪಟ್ಟಿಯಲ್ಲೂ ಮೊದಲ ಸ್ಥಾನ ಸಿಗಲಿಕ್ಕಿಲ್ಲ. ಆದರೆ ಅವನು ಅಲ್ಲಿ ಇಲ್ಲದಿದ್ದರೆ ಆ ಹಾಡಿಗೆ ಊರೇ ಇರುತ್ತಿರಲಿಲ್ಲ. ಇದೇ ಹಾಡಿನ ಪಲ್ಲವಿಯಲ್ಲಿ ಇನ್ನೊಂದು ದನಿ ಇದೆ, ಹೆಸರು ಹಾಕಿಲ್ಲ. ಅದು ಕೆಂಡ್ರಿಕ್ ಲಮಾರ್. ಆ ಕಾಲದ ಅತಿ ದೊಡ್ಡ ಹೆಸರುಗಳಲ್ಲಿ ಒಂದನ್ನು ಹೀಗೆ ಹೆಸರಿಲ್ಲದೆ ಕೂರಿಸಿದ್ದನ್ನು ನಾನು ಈ ಆಲ್ಬಮ್ಮಿನ ದೊಡ್ಡ ರಸಿಕತೆ ಅನ್ನುತ್ತೇನೆ. ಮದುವೆಮನೆಗೆ ಬಂದ ಮಂತ್ರಿ ಬಡಿಸುವವರ ಸಾಲಿನಲ್ಲಿ ನಿಂತು ಪಲ್ಯ ಹಾಕಿ ಹೋದಂತೆ.

ಎರಡನೆಯ ಮಾತು: "ಅಧ್ಯಕ್ಷರದ್ದು ಹಳೇ ಕವಿತೆ." ಈ ದೂರಿನಲ್ಲಿ ಸತ್ಯ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಹದಿನಾರನೆಯ ಹಾಡು 'ಮಿಡಲ್ ಚೈಲ್ಡ್' ಕೋಲ್ ಒಬ್ಬನದೇ. ಅದು ಜನವರಿಯಲ್ಲೇ ಬಿಡಿಯಾಗಿ ಬಂದು ಅಮೆರಿಕದ ಮುಖ್ಯ ಪಟ್ಟಿಯಲ್ಲಿ ನಾಲ್ಕನೇ ಸ್ಥಾನದವರೆಗೆ ಏರಿ ಇಳಿದಿತ್ತು. ಆರು ತಿಂಗಳು ಬಸ್ಸಿನಲ್ಲಿ, ಜಿಮ್ಮಿನಲ್ಲಿ ಕೇಳಿ ಸವೆದ ಹಾಡನ್ನು ಗುಂಪಿನ ಆಲ್ಬಮ್ಮಿನ ಬಾಲದಲ್ಲಿ ಕಟ್ಟಿದ್ದಾರೆ. ಹಾಡು ಒಳ್ಳೆಯದೇ. ಅಣ್ಣಂದಿರ ತಲೆಮಾರಿಗೂ ತಮ್ಮಂದಿರ ತಲೆಮಾರಿಗೂ ನಡುವೆ ಸಿಕ್ಕ ನಡುಮಗನ ಸ್ಥಿತಿ ಅದರ ವಸ್ತು. ಆದರೆ ಹತ್ತು ಜನ ಹೆಗಲು ತಾಗಿಸಿಕೊಂಡು ಹಾಡುತ್ತಿದ್ದ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಒಬ್ಬನೇ ನಿಂತಂತೆ ಕೇಳಿಸುತ್ತದೆ. ಹಾಗಾದರೆ ಯಾಕೆ ಸೇರಿಸಿದರು?

ಅದಕ್ಕೆ ಒಂದು ಲೆಕ್ಕ ಇದೆ. ಈ ಆಲ್ಬಮ್ ಅಮೆರಿಕದ ಆಲ್ಬಮ್ಮುಗಳ ಬಿಲ್‌ಬೋರ್ಡ್ 200 ಪಟ್ಟಿಗೆ ಬಂದದ್ದೇ ಮೊದಲ ಸ್ಥಾನದಲ್ಲಿ, ಮೊದಲ ವಾರ 1,15,000 'ಯೂನಿಟ್' ಲೆಕ್ಕದಲ್ಲಿ. ಯೂನಿಟ್ ಅಂದರೆ ಮಾರಾಟವಾದ ಸಿ.ಡಿ. ಅಂತ ತಿಳಿಯಬೇಡಿ. 2018ರಲ್ಲಿ ಬಿಲ್‌ಬೋರ್ಡ್‌ನವರು ತಂದ, ಆಗ ಜಾರಿಯಲ್ಲಿದ್ದ ನಿಯಮ ಹೀಗಿತ್ತು: ಆಲ್ಬಮ್ಮಿನ ಹಾಡುಗಳನ್ನು ದುಡ್ಡು ಕಟ್ಟಿದ ಕೇಳುಗರು 1,250 ಸಲ ಕೇಳಿದರೆ ಒಂದು ಆಲ್ಬಮ್ ಮಾರಿದ ಲೆಕ್ಕ, ಜಾಹೀರಾತಿನ ನಡುವೆ ಪುಕ್ಕಟೆ ಕೇಳುವವರಾದರೆ 3,750 ಸಲ. ಹಾಡು ಹೆಚ್ಚಿದ್ದಷ್ಟೂ ಕೇಳಿಕೆ ಹೆಚ್ಚು, ಆಗಲೇ ಗೆದ್ದ ಹಾಡು ಒಳಗಿದ್ದರೆ ಅದರ ಕೇಳಿಕೆಯೂ ಇದೇ ಖಾತೆಗೆ. ಈ ಕಾಲದ ರ‍್ಯಾಪ್ ಆಲ್ಬಮ್ಮುಗಳು ಉದ್ದವಾಗುತ್ತ ಹೋದದ್ದರ ಹಿಂದೆ ಈ ಗಣಿತವನ್ನು ಕಂಡವರು ಬಹಳ. 2020ರ ಜನವರಿಯಲ್ಲಿ ಇನ್ನೂ 12 ಹಾಡು ಸೇರಿಸಿ ಮತ್ತೊಂದು ಆವೃತ್ತಿ ಬಂದಾಗ 'ಇನ್ನು ಸಾಕಪ್ಪ' ಅಂದವರೂ ಇದ್ದರು, '142ರಲ್ಲಿ ಉಳಿದದ್ದೆಲ್ಲಿ' ಅಂತ ಕೇಳಿದವರೂ ಇದ್ದರು. ನಾನು ಎರಡನೆಯವರ ಕಡೆ. ಹಳೆಯ ಹಾಡು ಕೂರಿಸಿದ ಜಾಗದಲ್ಲಿ ಆ ಹತ್ತು ದಿನದ್ದೇ ಇನ್ನೊಂದು ಕೂತಿದ್ದರೆ ಚೆನ್ನಾಗಿರುತ್ತಿತ್ತು.

ಹಳೆಯ ಹಾಡಿನ ದೂರು ಇವರಿಗಷ್ಟೇ ಅಂಟಿದ್ದಲ್ಲ. 2012ರಲ್ಲಿ ಕಾನ್ಯೆ ವೆಸ್ಟ್ ತನ್ನ ಗುಡ್ ಮ್ಯೂಸಿಕ್ ಲೇಬಲ್‌ನವರನ್ನು ಕೂಡಿಸಿ 'ಕ್ರೂಯಲ್ ಸಮ್ಮರ್' ತಂದ. 'ಮರ್ಸಿ', 'ನ್ಯೂ ಗಾಡ್ ಫ್ಲೋ', 'ಕ್ಲೀಕ್' ಇವೆಲ್ಲ ಆಲ್ಬಮ್ ಬರುವ ಮೊದಲೇ ಬಂದು ಜನರ ಬಾಯಲ್ಲಿದ್ದವು. ಅಂಗಡಿಗೆ ಬಂದ ಮೇಲೆ ಕೇಳುಗರ ದೂರು ಒಂದೇ: ಒಳ್ಳೆಯದನ್ನೆಲ್ಲ ಆಗಲೇ ತಿಂದಾಯಿತು, ಈಗ ಎಲೆ ಹಾಸಿದ್ದೀರಲ್ಲ.

ಮೂರನೆಯದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. "ಇಷ್ಟೊಂದು ಜನರನ್ನ ಯಾಕೆ ಕರೀತಾರೋ." ಇದನ್ನೇ ಸ್ವಲ್ಪ ಓದಿಕೊಂಡವರು 'ಆಲ್ಬಮ್ಮಿಗೆ ಏಕಸೂತ್ರತೆ ಇಲ್ಲ' ಅನ್ನುತ್ತಾರೆ. ಮಾತು ಸುಳ್ಳಲ್ಲ. ಆಲ್ಬಮ್ಮಿನಲ್ಲಿ 35 ಕಲಾವಿದರು, 27 ಬೀಟ್ ಮಾಡುವವರು. 'ಸ್ವಿವೆಲ್' ಅರ್ಥ್‌ಗ್ಯಾಂಗ್ ಜೋಡಿಯದೇ ಲೋಕ. ಆಮೇಲೆ ಅದನ್ನು ತಮ್ಮ ಸ್ವಂತ ಆಲ್ಬಮ್ 'ಮಿರರ್‌ಲ್ಯಾಂಡ್'ಗೂ ಸೇರಿಸಿಕೊಂಡರು. 'ವೆಲ್ಸ್ ಫಾರ್ಗೋ' ಒಂದು ಬ್ಯಾಂಕಿನ ಹೆಸರು ಹಿಡಿದು ಹುಡುಗರು ಕೂಗಾಡುವ ಪುಟ್ಟ ಗದ್ದಲ. ಅದಾಗಿ ಒಂದು ಹಾಡು ದಾಟಿದರೆ 'ಸೆಲ್ಫ್ ಲವ್'ನಲ್ಲಿ ಆರಿ ಲೆನಾಕ್ಸ್, ಬೇಬಿ ರೋಸ್ ಮೆಲ್ಲನೆ ರಾಗ ಎಳೆಯುತ್ತಾರೆ. ಕೂಗಾಟಕ್ಕೆ ಬಂದವರಿಗೆ ರಾಗ ಬೇಸರ, ರಾಗಕ್ಕೆ ಬಂದವರಿಗೆ ಕೂಗಾಟ ತಲೆನೋವು. ಇಬ್ಬರೂ ಕೊಟ್ಟ ಅಂಕ ಒಂದೇ ಇರಬಹುದು, ಕಾರಣ ತದ್ವಿರುದ್ಧ. ಕೇಳುಗರ ಅಭಿಪ್ರಾಯ ಓದುವಾಗ ಅಂಕವನ್ನು ಬಿಟ್ಟು ಅವರು ಯಾವ ಹಾಡನ್ನು ದಾಟಿಸಿ ಮುಂದೆ ಹೋದರು ಅಂತ ನೋಡಿ, ಮನುಷ್ಯ ಸಿಗುತ್ತಾನೆ.

ಆದರೆ ಏಕಸೂತ್ರತೆ ಅನ್ನುವ ಅಳತೆಗೋಲು ಎಲ್ಲಿಯದು? ಒಬ್ಬ ಕಲಾವಿದ ಎರಡು ವರ್ಷ ಕೂತು ಕೆತ್ತಿದ ಆಲ್ಬಮ್ಮಿನದು. ಕಾದಂಬರಿ ಅಳೆಯುವ ಗಜಕಡ್ಡಿಯಲ್ಲಿ ಗೋಷ್ಠಿಯನ್ನು ಅಳೆದರೆ ಗೋಷ್ಠಿ ಯಾವಾಗಲೂ ಗಿಡ್ಡವೇ. ಹತ್ತು ದಿನ ಒಂದೇ ಸೂರಿನಡಿ, ಒಂದು ಕೋಣೆಯಲ್ಲಿ ಬೀಟ್ ತಯಾರಾಗುತ್ತಿದ್ದರೆ ಇನ್ನೊಂದರಲ್ಲಿ ಯಾರೋ ಸಾಲು ಕಟ್ಟುತ್ತಿದ್ದ ಜಾಗ ಅದು. ಆ ದಿನಗಳ ಮೇಲೆ ಅವರೇ ಒಂದು ಕಿರು ಸಾಕ್ಷ್ಯಚಿತ್ರ ಮಾಡಿದ್ದಾರೆ. ನೋಡಿದರೆ ನಿಮಗೆ ನೆನಪಾಗುವುದು ಸ್ಟುಡಿಯೋ ಅಲ್ಲ, ವಾರ್ಷಿಕೋತ್ಸವದ ಹಿಂದಿನ ರಾತ್ರಿಯ ಹಾಸ್ಟೆಲ್. ಆ ಗದ್ದಲವೇ ಇಲ್ಲಿನ ಸರಕು. ಹಾಡಿನಲ್ಲಿ ಅದು ಉಳಿದಿದೆಯೇ ಇಲ್ಲವೇ ಅಂತ ಕೇಳಬೇಕು. ಉಳಿಯದ ಹಾಡುಗಳೂ ಇಲ್ಲಿವೆ, ಮನೆಯಿಂದ ಬರೆದು ತಂದು ಓದಿದಂತೆ ಕೇಳಿಸುವಂಥವು. ಉಳಿದ ಕಡೆ ಮಾತ್ರ ಬೇರೆ ಯಾವ ಆಲ್ಬಮ್ಮೂ ಕೊಡದ ಸಂಗತಿ ಕೈಗೆ ಸಿಗುತ್ತದೆ.

'ಕೋಸ್ಟಾ ರಿಕಾ' ಕೇಳಿ. ಒಂಬತ್ತು ಹೆಸರು ಒಂದು ಹಾಡಿನಲ್ಲಿ. ತಲೆಗೆ ಹದಿನಾರು ಬಾರ್ ಕೊಟ್ಟಿದ್ದರೆ ಹಾಡು ಪುರಾಣವಾಗುತ್ತಿತ್ತು. ಇಲ್ಲಿ ಒಬ್ಬನ ಕೊನೆಯ ಪದದ ಮೇಲೇ ಇನ್ನೊಬ್ಬ ಹತ್ತಿ ಕೂರುತ್ತಾನೆ, ಸಿಟಿ ಬಸ್ಸಿನಲ್ಲಿ ಇಳಿಯುವವರು ಇಳಿಯುವ ಮೊದಲೇ ಹತ್ತಿದ ಹಾಗೆ. 'ಲ್ಯಾಂಬೋ ಟ್ರಕ್'ನಲ್ಲಿ ಡ್ರೀಮ್‌ವಿಲ್‌ನ ಕಾಝ್, ಬೇರೆ ಲೇಬಲ್‌ನ ರೀಸನ್ ಇಬ್ಬರೂ ಕೂತು ತಮ್ಮ ತಮ್ಮ ಯಜಮಾನರನ್ನೇ ದೋಚುವ ಸಂಚು ಹೂಡುತ್ತಾರೆ. ಯಜಮಾನನ ದುಡ್ಡಿನಲ್ಲಿ, ಯಜಮಾನನ ಸ್ಟುಡಿಯೋದಲ್ಲಿ, ಯಜಮಾನನನ್ನೇ! ಒಂಟಿಯಾಗಿ ಮನೆಯಲ್ಲಿ ಕೂತು ಬರೆದರೆ ಇಂಥ ತುಂಟತನ ಹುಟ್ಟುವುದಿಲ್ಲ, ಪಕ್ಕದಲ್ಲಿ ನಗುವವನೊಬ್ಬ ಬೇಕು.

ಇನ್ನು '1993'. ಹದಿಮೂರನೆಯ ಹಾಡು. ನನಗೆ ಇಡೀ ಆಲ್ಬಮ್ಮಿನಲ್ಲಿ ಪ್ರಿಯವಾದದ್ದು ಇದೇ, ಯಾರು ಒಪ್ಪಲಿ ಬಿಡಲಿ. ಕೋಲ್, ಜೆಐಡಿ, ಕಾಝ್, ಅರ್ಥ್‌ಗ್ಯಾಂಗ್, ಸ್ಮಿನೋ, ಬಡ್ಡಿ. (ಬಡ್ಡಿ ಅನ್ನುವುದು ಹೆಸರು, ಸಾಲದ್ದಲ್ಲ.) ಬೀಟ್ ಶುರುವಾಗುತ್ತದೆ, ಒಬ್ಬ ಗಂಭೀರವಾಗಿ ಚರಣ ಎತ್ತಿಕೊಳ್ಳುತ್ತಾನೆ. ನಾಲ್ಕು ಸಾಲು ಹೋಗುವಷ್ಟರಲ್ಲಿ ಬಡ್ಡಿ ನಡುವೆ ಬಾಯಿ ಹಾಕುತ್ತಾನೆ. ಕೈಯಲ್ಲಿ ಹಿಡಿದ ಗಾಂಜಾದ ಸುರುಳಿಯನ್ನು ಪಕ್ಕದವನಿಗೆ ದಾಟಿಸದೆ ಏನು ಹಾಡುತ್ತ ಕೂತಿದ್ದೀಯ ಅಂತ ಅವನ ತಕರಾರು. ಮುಂದಿನವನು ಶುರು ಮಾಡುತ್ತಾನೆ, ಅವನಿಗೂ ಅದೇ ಗತಿ. ಲೇಬಲ್‌ನ ಒಡೆಯ ಕೋಲ್‌ಗೂ ವಿನಾಯಿತಿ ಇಲ್ಲ. ಚರಣದ ಹದಿನಾರು ಬಾರಿನ ಶಾಸ್ತ್ರವನ್ನು ಮೇಲೆ ನಿಮಗೆ ಕಲಿಸಿದೆನಲ್ಲ, ಆ ಶಾಸ್ತ್ರ ಗೊತ್ತಿದ್ದವರಿಗೇ ಈ ನಗೆ ಪೂರ್ತಿ ಸಿಗುವುದು. ಪ್ರತಿಯೊಬ್ಬನೂ ತನ್ನ ಎಂಟು ಆವರ್ತನದ ನಂಬಿಕೆಯಲ್ಲಿ ಹೆಜ್ಜೆ ಇಡುತ್ತಾನೆ, ಪ್ರತಿಯೊಬ್ಬನ ಕಾಲಡಿಯ ಚಾಪೆಯನ್ನೂ ಎಳೆಯಲಾಗುತ್ತದೆ. 'ಯಾರ ಚರಣ ಚೆನ್ನಾಗಿದೆ' ಅಂತ ಪಟ್ಟಿ ಹಿಡಿದು ಕೂತವನ ಪಾಡೇನು? ಮುಗಿದ ಚರಣವೇ ಇಲ್ಲ! ಗೆಲ್ಲುವ ಸೋಲುವ ಆಟವನ್ನೇ ಇವರು ಆಡುತ್ತ ಆಡುತ್ತ ಲೇವಡಿ ಮಾಡಿದ್ದಾರೆ. ಕೆಲವು ಕೇಳುಗರು ಇದನ್ನು 'ಹಾಳು ಮಾಡಿದ ಒಳ್ಳೆ ಹಾಡು' ಅಂದರು. ಬೀಟ್ ಅಷ್ಟು ಚೆನ್ನಾಗಿದೆ, ಸುಮ್ಮನೆ ಹಾಡಲು ಬಿಡಬಾರದಿತ್ತೇ ಅಂತ ಅವರ ಸಂಕಟ. ಅರ್ಥವಾಗುತ್ತದೆ, ಒಪ್ಪುವುದಿಲ್ಲ.

ನಾಲ್ಕನೆಯವರು, 'ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ' ಅಂದವರು, ಅಭಿಪ್ರಾಯ ಬರೆಯುವುದು ಕಡಿಮೆ. ಹಾಡನ್ನು ಮತ್ತೆ ಹಾಕುತ್ತಾರೆ ಅಷ್ಟೆ. ಮೇಲೆ ಹೇಳಿದ 1,250ರ ಲೆಕ್ಕದಲ್ಲಿ ಮಾತ್ರ ಅವರು ಕಾಣಿಸುವುದು. ಪ್ರಶಸ್ತಿಯ ವಿಚಾರ ಕೇಳುವವರಿಗಾಗಿ: 2020ರ ಗ್ರ್ಯಾಮಿಯಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಮ್ಮಿಗೆ ಇದರ ಹೆಸರೂ ಇತ್ತು, ಗೆದ್ದದ್ದು ಟೈಲರ್ ದ ಕ್ರಿಯೇಟರ್‌ನ 'ಇಗೋರ್'. ಒಬ್ಬನೇ ಕೂತು ಕೆತ್ತಿದ ಆಲ್ಬಮ್ ಅದು.

ಹೊಸಬರು ಎಲ್ಲಿಂದ ಶುರು ಮಾಡಬೇಕು? ಹದಿನೆಂಟನ್ನೂ ಒಂದೇ ಸಲ ಕೇಳಬೇಡಿ, ನಲವತ್ತು ಕವಿಗಳ ಗೋಷ್ಠಿಯಲ್ಲಿ ಕೊನೆಯ ಸಾಲಿನವರೆಗೆ ಎಚ್ಚರ ಇರುವವರು ಕವಿಗಳ ಹೆಂಡಂದಿರು ಮಾತ್ರ. ಮೊದಲ ದಿನ 'ಅಂಡರ್ ದ ಸನ್', 'ಡೌನ್ ಬ್ಯಾಡ್' ಎರಡೇ. ತಾಳ ಹಾಕುತ್ತ, ದನಿ ಬದಲಾದಾಗ ಬೆರಳು ಮಡಿಸುತ್ತ. ಎರಡನೆಯ ದಿನ 'ಗಾಟ್ ಮಿ', ಇದು ಆರಿ ಲೆನಾಕ್ಸ್, ಓಮೆನ್, ಟೈ ಡಾಲಾ ಸೈನ್, ಡ್ರೀಝಿ ನಾಲ್ವರದು, ರ‍್ಯಾಪ್ ಒಗ್ಗದವರಿಗೂ ಒಗ್ಗುತ್ತದೆ. ಆಮೇಲೆ '1993'. ಕೊನೆಗೆ, ಆಲ್ಬಮ್ಮಿನಲ್ಲೂ ಕೊನೆಯದೇ ಆದ 'ಸ್ಯಾಕ್ರಿಫೈಸಸ್'. ಅರ್ಥ್‌ಗ್ಯಾಂಗ್, ಶಿಕಾಗೋದ ಸಾಬಾ, ಸೇಂಟ್ ಲೂಯಿಸ್‌ನ ಸ್ಮಿನೋ ಹಾಡಿದ ಮೇಲೆ ಕೋಲ್ ಬರುತ್ತಾನೆ, ಮಡದಿಯನ್ನು ಉದ್ದೇಶಿಸಿ ಮಾತಾಡುತ್ತಾನೆ. ತನ್ನ ಖಾಸಗಿ ಬದುಕನ್ನು ಅಷ್ಟು ಬಿಗಿಯಾಗಿ ಮುಚ್ಚಿಟ್ಟುಕೊಳ್ಳುವ ಮನುಷ್ಯ, ಇನ್ನೊಂದು ಮಗು ಬರಲಿದೆ ಎಂಬ ಸುದ್ದಿಯನ್ನು ತನ್ನ ಸ್ವಂತ ಆಲ್ಬಮ್ಮಿಗೆ ಎತ್ತಿಟ್ಟುಕೊಳ್ಳದೆ ಇವರೆಲ್ಲರ ನಡುವೆ ನಿಂತು ಹೇಳಿಬಿಟ್ಟ. ಜಾಗ ಬಿಟ್ಟನಾ ಅಂತ ಅನುಮಾನದಿಂದ ಕೂತಿದ್ದ ಕೇಳುಗರಲ್ಲಿ ಎಷ್ಟೋ ಜನ ಈ ಚರಣಕ್ಕೆ ಕರಗಿದರು.

ಇದನ್ನು ಬರೆಯುವ ಮೊದಲು ಒಂದು ಭಾನುವಾರ ನನ್ನ ಮನೆಯ ವರಾಂಡದಲ್ಲಿ ಏಳೆಂಟು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಐದು ಹಾಡು ಕೇಳಿಸಿದೆ. ಇಬ್ಬರು ಆಗಲೇ ರ‍್ಯಾಪ್ ಬಲ್ಲವರು, ಹನುಮಾನ್‌ಕೈಂಡ್‌ನಿಂದ ಆಲ್ ಓಕೆಯವರೆಗೆ ಎಲ್ಲರ ಹಾಡೂ ಬಾಯಿಪಾಠ. ಮಿಕ್ಕವರಿಗೆ ಇದೇ ಮೊದಲು. ಒಂದೊಂದು ಚೀಟಿ ಕೊಟ್ಟು, ಯಾರು ಇಷ್ಟವಾದರು ಅಂತ ಬರೆಯಿರಿ ಅಂದೆ. ಬಲ್ಲವರಿಬ್ಬರೂ ಜೆಐಡಿ ಅಂತ ಬರೆದರು, ನಿರೀಕ್ಷೆ ಇತ್ತು. ಒಬ್ಬ 'ಹೆಸರಿಲ್ಲದೆ ಹಾಡಿದವರು' ಅಂತ ಬರೆದಿದ್ದ. ನಂಜನಗೂಡಿನ ಕಡೆಯ ಒಂದು ಹುಡುಗಿ ಚೀಟಿ ಕೊಡಲು ಸಂಕೋಚಪಡುತ್ತಿದ್ದಳು. ಇಸಿದುಕೊಂಡು ನೋಡಿದೆ: "ಯಾರನ್ನೂ ಹಾಡಕ್ಕೆ ಬಿಡಲಿಲ್ವಲ್ಲ ಸರ್, ಆ ಮನುಷ್ಯ."